ಎರಡು ನಿಮಿಷ ತಡವಾದ ಗಂಟೆ

ಅಮ್ಮಿಗೆ ನಾನು ಟ್ರೈನಿಂಗ್‌ಗೆ ಹೋಗುತ್ತಿದ್ದೇನೆ ಎಂದು ಹೇಳಿದ್ದೆ. ಬಳ್ಳಾರಿಯಿಂದ ಆಕೆ ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಅಲ್ಲಿ ಊಟ ಏನು, ಜೊತೆಗೆ ಹೆಂಗಸರು ಇದ್ದಾರಾ. ಊಟಕ್ಕೆ ತರಕಾರಿಯೇ, ಇರುವವರೆಲ್ಲ ಹೆಂಗಸರೇ ಎಂದೆ. ಎರಡೂ ನಿಜ. "ದಿಲ್ ಲಗಾಕೋ ಸೀಖ್ ಬೇಟಾ" ಎಂದು, ಮನಸ್ಸಿಟ್ಟು ಕಲಿತು ಬಾ ಎಂದು ಹರಸಿ ಫೋನಿಟ್ಟಳು. ಹದಿನಾಲ್ಕು ಮಂದಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಮೂರು ವಾರ ಇರಲು ಹೋಗುತ್ತಿದ್ದೇನೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಡಾಕ್ಟರು ಚೀಟಿ ಬರೆದು ಕೆಲಸದಿಂದ ರಜೆ ಹಾಕಿಸಿದ್ದಾರೆ ಎಂದು ಹೇಳುವ ಧೈರ್ಯವಂತೂ ಇರಲೇ ಇಲ್ಲ.

ಇಂಗ್ಲೆಂಡಿನ ಬರ್ಚ್‌ವುಡ್‌ನ ಆಫೀಸಿನಲ್ಲಿ ನನ್ನ ಕೆಲಸ ಅಣುಸ್ಥಾವರಗಳ ಕಂಟ್ರೋಲ್ ಪ್ಯಾನೆಲ್‌ಗಳನ್ನು ಪರೀಕ್ಷಿಸುವುದು. ಯಾವ ಗುಂಡಿ ಒತ್ತಿದರೆ ಯಾವ ದೀಪ ಹತ್ತಬೇಕು, ಎಷ್ಟು ಸೆಕೆಂಡಿಗೆ ಹತ್ತಬೇಕು, ಹತ್ತದಿದ್ದರೆ ಯಾರಿಗೆ ಬರೆದು ತಿಳಿಸಬೇಕು ಎಂದು ಏಳು ವರ್ಷ ನೋಡುತ್ತಾ ಕೂತಿದ್ದೆ. 2010ರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ದೊಡ್ಡ ಪ್ರಾಜೆಕ್ಟೊಂದು ಮುಗಿಯುವ ಹೊತ್ತಿಗೆ ನನಗೆ ನಿದ್ದೆ ಬರುವುದು ನಿಂತುಹೋಯಿತು. ಮೀಟಿಂಗಿನಲ್ಲಿ ಕೈ ನಡುಗತೊಡಗಿತು. ನನ್ನ GP, ಅಂದರೆ ಮನೆ ಡಾಕ್ಟರು, ಮಾತು ಕೇಳಿಸಿಕೊಂಡು, "ಎಲ್ಲಾದರೂ ಫೋನ್ ಸಿಗ್ನಲ್ ಸಿಗದ ಕಡೆ ಹೋಗಿ" ಎಂದರು. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಉತ್ತರದ ಗುಡ್ಡಗಳ ಮೇಲೆ, ಕೊನೆಯ ಬಸ್ ಸ್ಟಾಪಿನಿಂದ ಮೂರು ಮೈಲಿ ನಡೆಯಬೇಕಾದ ಜಾಗದಲ್ಲಿ ಈ ಬೆನೆಡಿಕ್ಟೈನ್ ಪಂಥದ ಮಠ ಸಿಕ್ಕಿತು. ಯಾವ ಧರ್ಮದವರಾದರೂ ಬರಬಹುದು, ಹೆಂಗಸರಿಗೆ ಮಾತ್ರ ಎಂದು ಬರೆದಿತ್ತು.

ಹೋದ ದಿನವೇ ಮಠದ ಹಿರಿಯರಾದ ಮದರ್, "ನಮ್ಮ ಮರುಭೂಮಿಗೆ ಸ್ವಾಗತ" ಎಂದರು. ನನ್ನ ಶೂ ಒಳಗೆ ನೀರು ಕಚಪಚ ಎನ್ನುತ್ತಿತ್ತು. ಕ್ರೈಸ್ತ ಸನ್ಯಾಸದ ಮೊದಲಿಗರು ಮರಳುಗಾಡಿಗೆ ಹೋಗಿ ತಪಸ್ಸು ಮಾಡಿದ್ದರಂತೆ, ಹಾಗಾಗಿ ಜನರಿಲ್ಲದ ಜಾಗವನ್ನೆಲ್ಲ ಅವರು ಮರುಭೂಮಿ ಅನ್ನುತ್ತಾರೆ. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲವಿರುವ ಬಳ್ಳಾರಿಯಲ್ಲಿ ಹುಟ್ಟಿದವಳಿಗೆ ಈ ಜೌಗು ನೆಲ, ಮಂಜು, ಕಂದು ಹುಲ್ಲು ನೋಡಿ ನಗು ಬಂತು. ಆದರೂ ಮರದ ನೆರಳೊಂದೂ ಇಲ್ಲದ ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಮನುಷ್ಯರ ಸುಳಿವಿರಲಿಲ್ಲ. ಕುರಿಗಳೇ ಇಲ್ಲಿನ ಜನಸಂಖ್ಯೆ.

ನನ್ನ ಕೋಣೆಯ ಮೇಜಿನ ಮೇಲೆ ಒಂದು ಕಾರ್ಡು ಇತ್ತು. ದಿನಕ್ಕೆ ಏಳು ಪ್ರಾರ್ಥನೆ, ಅವುಗಳ ಸಮಯ. ಊಟದ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಒಬ್ಬ ಸಿಸ್ಟರ್ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಮರುದಿನ ಬೆಳಗಿನ ಪ್ರಾರ್ಥನೆಯವರೆಗೆ ಮಹಾಮೌನ, ಆ ಹೊತ್ತಿನಲ್ಲಿ ಯಾವ ಸಿಸ್ಟರನ್ನೂ ಮಾತಾಡಿಸಬಾರದು. ಈ ಸಾಲಿನ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ 'ನನಗೆ ಗೊತ್ತಿರಲಿಲ್ಲ' ಎಂದು ಹೇಳುವ ಆಸೆ ನನಗೆ ಎಷ್ಟೋ ಸಲ ಆಗಿದೆ.

ಮಠದಲ್ಲಿ ಎಲ್ಲರಿಗಿಂತ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಎಂಬತ್ತು ದಾಟಿತ್ತು. ಬೆನ್ನು ಬಾಗಿತ್ತು, ನಾವು ಮಾತಾಡುವಾಗ ನಮ್ಮ ಮುಖವನ್ನೇ ಕೆಳಗಿನಿಂದ ದಿಟ್ಟಿಸುತ್ತಿದ್ದರು. ಅವರು ಮಾತಾಡುವುದು ಅಪರೂಪ, ಹೆಚ್ಚಿನದೆಲ್ಲ ಕೈಸನ್ನೆಯಲ್ಲೇ ನಡೆಯುತ್ತಿತ್ತು. ಇವರೇ ನಿಜವಾದ ಮೌನಿ ಎಂದು ನನಗೆ ಭಕ್ತಿ ಹುಟ್ಟಿತು. ಮೊದಲ ದಿನ ನಾನು ಕಾರಿಡಾರಿನಲ್ಲಿ ಫೋನನ್ನು ಮೇಲೆ ಕೆಳಗೆ ಹಿಡಿಯುತ್ತಾ ನಮಾಜಿಗೆ ದಿಕ್ಕು ಹುಡುಕುತ್ತಿದ್ದಾಗ ಅವರೇ ಎದುರಾದರು. ನಾನು ಕೈ ಕಟ್ಟಿ, ತಲೆಬಾಗಿಸಿ ತೋರಿಸಿದೆ. ಅವರಿಗೆ ಅರ್ಥವಾಯಿತು. ಲೈಬ್ರರಿಯಿಂದ ಒಂದು ಹಳೆಯ ಅಟ್ಲಾಸ್ ಹೊತ್ತು ತಂದು, ಭೂಪಟದ ಮೇಲೆ ಮರದ ಸ್ಕೇಲ್ ಇಟ್ಟು, ನಮ್ಮ ಗುಡ್ಡದಿಂದ ಮೆಕ್ಕಾದವರೆಗೆ ಪೆನ್ಸಿಲ್ ಗೆರೆ ಎಳೆದರು. ಆಮೇಲೆ ನನ್ನ ಕೋಣೆಗೆ ಬಂದು ಕಿಟಕಿಯ ಮೂಲೆಯನ್ನು ತೋರಿಸಿ, ಅಲ್ಲಿಗೆ ಸರಿಯಾಗಿ ಒಂದು ಕಂಬಳಿ ಹಾಸಿಕೊಟ್ಟರು.

ಚಪ್ಪಟೆ ಭೂಪಟದ ಮೇಲೆ ಎಳೆದ ಗೆರೆ ದುಂಡು ಭೂಮಿಯ ಮೇಲೆ ಸರಿಯಾಗುವುದಿಲ್ಲ. ಹತ್ತು ಹದಿನೈದು ಡಿಗ್ರಿ ತಪ್ಪಿತ್ತು. ನಾನು ಇಂಜಿನಿಯರ್, ನನಗದು ತಕ್ಷಣ ಗೊತ್ತಾಯಿತು. ಆದರೂ ಮೂರು ವಾರ ಅವರು ಹಾಸಿದ ದಿಕ್ಕಿಗೇ ನಮಾಜು ಮಾಡಿದೆ. ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ತಿದ್ದಲು ಮನಸ್ಸು ಬರಲಿಲ್ಲ, ಅಲ್ಲಾಹ್ ಇಷ್ಟು ಸಣ್ಣ ಲೆಕ್ಕ ಇಡಲಾರ ಎಂದುಕೊಂಡೆ. ನನ್ನ ಪ್ರಾರ್ಥನೆಯ ಹದಿನೈದು ಡಿಗ್ರಿ ತಪ್ಪನ್ನು ಸಹಿಸಿದವಳಿಗೆ ಅವರ ಪ್ರಾರ್ಥನೆಯ ಎರಡು ನಿಮಿಷದ ತಪ್ಪನ್ನು ಸಹಿಸಲಾಗಲಿಲ್ಲ.

ಗಂಟೆ ಬಾರಿಸುವುದು ಆ ಸಿಸ್ಟರ್ ಕೆಲಸ. ಅಂಗಳದ ಆಚೆ ಬದಿಯ ಕಮಾನಿನ ಮೇಲೆ ಕಂಚಿನ ಗಂಟೆಯೊಂದು ತೂಗುತ್ತಿತ್ತು, ಅದರ ಹಗ್ಗ ನೆಲದವರೆಗೆ ಇಳಿದಿತ್ತು. ದಿನಕ್ಕೆ ಏಳು ಸಲ ಅವರು ಕೀಲಿ ಕೊಡುವ ಕೈಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮಳೆಗೆ ಪಾಚಿಗಟ್ಟಿದ ಕಲ್ಲುಹಾಸಿನ ಮೇಲೆ ಹೆಜ್ಜೆ ಅಳೆದು ಇಡುತ್ತಾ ಕಮಾನಿನ ಕೆಳಗೆ ಹೋಗಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಜಗ್ಗುತ್ತಿದ್ದರು. ಗಂಟೆ ಕೇಳಿದ ಕ್ಷಣ ಉಳಿದವರೆಲ್ಲ ಕೈಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಏಳಬೇಕು. ಪತ್ರ ಬರೆಯುತ್ತಿದ್ದವರು ಅಕ್ಷರ ಪೂರ್ತಿ ಮಾಡುವುದಿಲ್ಲ, ಕಳೆ ಕೀಳುತ್ತಿದ್ದವರು ಕಳೆಗುದ್ದಲಿಯನ್ನು ಅಲ್ಲೇ ಊರಿ ಬರುತ್ತಾರೆ. ಒಂದು ಮಠವೇ ಆ ಮುದುಕಿಯ ಕೈಯ ಕೊನೆಯಲ್ಲಿ ನಡೆಯುತ್ತಿತ್ತು.

ಮೊದಲ ವಾರ ನಾನು ಹದಿನಾಲ್ಕು ಗಂಟೆ ಮಲಗಿದ ದಿನಗಳಿವೆ. ಎರಡನೆಯ ವಾರ ನಿದ್ದೆ ಸಾಕಾಗಿ ಕಣ್ಣು ತೆರೆದೆ. ಮಾಡಲು ಏನೂ ಇರಲಿಲ್ಲ. ಅತಿಥಿಗಳಿಂದ ಅವರು ಕೆಲಸ ಮಾಡಿಸುವುದಿಲ್ಲ, ತಟ್ಟೆ ತೊಳೆಯಲು ಹೋದರೂ ನಕ್ಕು ಕೈಯಿಂದ ಕಿತ್ತುಕೊಳ್ಳುತ್ತಾರೆ. ಆಗ ಶುರುವಾಯಿತು ನನ್ನ ರೋಗ. ಕಾರ್ಡಿನಲ್ಲಿ ಮಧ್ಯಾಹ್ನದ ಪ್ರಾರ್ಥನೆ ಹನ್ನೆರಡೂ ಕಾಲಿಗೆ, ಅದಕ್ಕೆ ಗಂಟೆ ಹನ್ನೆರಡೂ ಹತ್ತಕ್ಕೆ ಎಂದಿತ್ತು. ನನ್ನ ಫೋನಿನಲ್ಲಿ ಹನ್ನೆರಡೂ ಹನ್ನೆರಡಾದಾಗ ಗಂಟೆಯಾಗುತ್ತಿತ್ತು. ಒಮ್ಮೆ ಹದಿಮೂರು. ಮರುದಿನ ಒಂದು ನಿಮಿಷ ಮೊದಲೇ, ಹನ್ನೆರಡೂ ಒಂಬತ್ತಕ್ಕೆ. ನಾನು ಕಿಟಕಿಯಲ್ಲಿ ನಿಂತು ಏಳೂ ಗಂಟೆಗಳ ಸಮಯ ನೋಡುತ್ತಾ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ.

ಒಂದು ದಿನ ಮಳೆ ಜೋರಾಗಿತ್ತು. ಮದರ್ ಮತ್ತು ನಾನು ಬಾಗಿಲಲ್ಲಿ ನಿಂತು ಸಿಸ್ಟರ್ ಅಂಗಳ ದಾಟುವುದನ್ನು ನೋಡುತ್ತಿದ್ದೆವು.

"ಒಂದು ದಿನ ಬಿದ್ದುಬಿಡುತ್ತಾರೋ ಎಂದು ಭಯ ನನಗೆ" ಎಂದರು ಮದರ್.

ಅದು ಒಂದು ಮನೆಯವರು ತಮ್ಮ ಹಿರಿಯರ ಬಗ್ಗೆ ಆಡುವ ಮಾತು. ನಾನು ಅದನ್ನು ಗ್ರಾಹಕರ ಬೇಡಿಕೆ ಎಂದು ತಿಳಿದೆ. ಅರ್ಧ ಗಂಟೆಯಲ್ಲಿ ಪ್ಲಾನ್ ತಯಾರಾಗಿತ್ತು: ಗಂಟೆಯ ಪಕ್ಕಕ್ಕೆ ಒಂದು ಸಣ್ಣ ವಿದ್ಯುತ್ ಸುತ್ತಿಗೆ, ಕೆಳಗೆ ಗೋಡೆಯ ಪೆಟ್ಟಿಗೆಯಲ್ಲಿ ಒಂದು ಟೈಮರ್, ಏಳು ಹೊತ್ತಿಗೆ ಏಳು ಸಲ, ಸೆಕೆಂಡೂ ತಪ್ಪುವುದಿಲ್ಲ. ಅದನ್ನು ಮದರ್‌ಗೆ ತೋರಿಸುವಾಗ ನನ್ನ ಕೈ ನಡುಗಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಮೊದಲಿನಂತಾಗಿದ್ದೆ.

ಮದರ್ ಚಿತ್ರವನ್ನು ಬಹಳ ಹೊತ್ತು ನೋಡಿದರು. "ನೀವು ಬಹಳ ಒಳ್ಳೆಯವರು. ಆದರೆ ಗಂಟೆ ಸಿಸ್ಟರ್‌ದು. ಅವರನ್ನು ಕೇಳಿ. ಅವರು ಒಪ್ಪಿದರೆ ನನ್ನ ಅಡ್ಡಿಯಿಲ್ಲ" ಎಂದರು.

ಅವರನ್ನು ಕೇಳುವುದು ಏನು ಕಷ್ಟ? ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ಮಾತಾಡುವ ಹೊತ್ತು, ಹಾಲ್‌ನಲ್ಲಿ ಕೂತು ಹೊಲಿಗೆ ಹಾಕುತ್ತಾ ಹರಟುತ್ತಾರೆ. ಆ ಮಧ್ಯಾಹ್ನ ನಾನೂ ಹೋಗಿ ಕೂತೆ. ಸಿಸ್ಟರ್ ಕಿಟಕಿಯ ಬಳಿ ಗಂಟೆಯ ಹಗ್ಗದ ತುದಿಯ ನಾರುಗಳನ್ನು ಮತ್ತೆ ಹೊಸೆದು ದಾರ ಸುತ್ತುತ್ತಿದ್ದರು. ಪ್ರತಿ ವಸಂತದಲ್ಲೂ ಅದನ್ನು ಇಳಿಸಿ ರಿಪೇರಿ ಮಾಡುತ್ತಾರಂತೆ. ಆ ಬೆರಳುಗಳನ್ನು ನೋಡುತ್ತಾ ನನಗೆ ಖಚಿತವಾಗಿ ಗೊತ್ತಾಯಿತು, ಕೇಳಿದರೆ ಇವರು ಬೇಡ ಎನ್ನುತ್ತಾರೆ. ಆದ್ದರಿಂದ ಕೇಳಲಿಲ್ಲ.

ಅಂದು ಸಂಜೆ ಕೊನೆಯ ಪ್ರಾರ್ಥನೆ ಮುಗಿಯಿತು. ಮೇ ತಿಂಗಳಾದ್ದರಿಂದ ಹೊರಗೆ ಇನ್ನೂ ಬಿಸಿಲಿತ್ತು. ಸಿಸ್ಟರುಗಳು ಒಬ್ಬೊಬ್ಬರಾಗಿ ತಂತಮ್ಮ ಕೋಣೆಗೆ ಹೋದರು. ಮಹಾಮೌನ ಆರಂಭವಾಗಿತ್ತು. ಕೊನೆಗೆ ಬಂದ ಅವರನ್ನು ನಾನು ಕಾರಿಡಾರಿನಲ್ಲಿ ತಡೆದು, ತಗ್ಗಿದ ದನಿಯಲ್ಲಿ, ತಲೆ ತಗ್ಗಿಸಿಕೊಂಡು, "ಸಿಸ್ಟರ್, ಗಂಟೆಗೆ ನಾನೊಂದು ಟೈಮರ್ ಹಾಕಿಕೊಡಲಾ? ನಿಮಗೆ ಶ್ರಮ ತಪ್ಪುತ್ತದೆ" ಎಂದೆ. ಅವರು ನನ್ನನ್ನು ನೋಡಿ ನಕ್ಕರು. ನನ್ನ ಕೆನ್ನೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ ತಮ್ಮ ಕೋಣೆಗೆ ಹೋದರು.

ಮರುದಿನ ಬೆಳಿಗ್ಗೆ ಮದರ್‌ಗೆ, "ಮಾತಾಡಿದೆ. ಸಿಸ್ಟರ್ ಒಪ್ಪಿದರು" ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಸಾಮಾನು ತಂದುಕೊಟ್ಟದ್ದು ನನ್ನ ಆಫೀಸಿನ ಅಣ್ಣ. ಅಣ್ಣ ಅಂದರೆ ಒಡಹುಟ್ಟಿದವನಲ್ಲ, ಧಾರವಾಡದವರು, ನನಗಿಂತ ಹತ್ತು ವರ್ಷ ಹಿರಿಯರು. ಆಫೀಸಿನಲ್ಲಿ ಕನ್ನಡದವರೆಲ್ಲ ಸೇರಿದಾಗ ನಾವೂ ಬೆಂಗಳೂರಿನವರಂತೆ ಮಾತಾಡುತ್ತೇವೆ, ಇಬ್ಬರೇ ಇದ್ದಾಗ ಅದು ಕಳಚಿ ಬೀಳುತ್ತದೆ. ಗುಡ್ಡದ ರಸ್ತೆಯ ಫೋನ್ ಬೂತಿನವರೆಗೆ ಎರಡು ಮೈಲಿ ನಡೆದು ಹೋಗಿ ಫೋನ್ ಮಾಡಿದ್ದೆ. ಶನಿವಾರ ಅವರು ಕಾರಿನ ಮೇಲೆ ಏಣಿ ಕಟ್ಟಿಕೊಂಡು ಬಂದರು.

ಕಮಾನಿನ ಕೆಳಗೆ ನಿಂತು ಮೇಲೆ ನೋಡಿ, "ಏನವಾ ತಂಗಿ, ಆಫೀಸಿನ್ಯಾಗ ಒಂದು ಸ್ವಿಚ್ ಬದಲಿ ಮಾಡಬೇಕಂದ್ರ ನಾಲ್ಕು ಮಂದಿ ಸಹಿ ತುಗೊಳಾಕಿ ನೀನು. ಇಲ್ಲಿ ಯಾವ ಫಾರಂ ತುಂಬೀದಿ?" ಎಂದರು.

"ಇದು ಗಂಟಿ ಅಣ್ಣಾ, ರಿಯಾಕ್ಟರ್ ಅಲ್ಲ."

"ಅಲ್ಲಂತ ನನಗೂ ಗೊತ್ತೈತಿ. ಬಾರಸೂ ಅಮ್ಮಾರನ್ನ ಕೇಳೀಯೋ ಇಲ್ಲೋ?"

ನಮ್ಮ ಕೆಲಸದಲ್ಲಿ ಯಾವುದೇ ಯಂತ್ರಕ್ಕೆ ಮಾರ್ಪಾಡು ಮಾಡುವ ಮುಂಚೆ ಅದನ್ನು ದಿನವೂ ನಡೆಸುವವನ ಸಹಿ ಬೇಕೇ ಬೇಕು. ಮ್ಯಾನೇಜರ್ ಸಹಿ ಇಲ್ಲದಿದ್ದರೂ ನಡೆದೀತು, ಆಪರೇಟರ್ ಸಹಿ ಇಲ್ಲದೆ ಒಂದು ಸ್ಕ್ರೂ ಕೂಡ ಬಿಚ್ಚುವ ಹಾಗಿಲ್ಲ. ಆ ನಿಯಮವನ್ನು ಹೊಸಬರಿಗೆ ಕಲಿಸುವವಳೇ ನಾನು.

"ಕೇಳೀನಿ. ನಕ್ಕರು."

"ನಕ್ಕರಂದ್ರ? ಹೂಂ ಅಂದ್ರೇನು?"

"ಮೌನಂ ಸಮ್ಮತಿ ಲಕ್ಷಣಂ ಅಂತ ನೀವೇ ಅಂತಿರ್ತೀರಲ್ಲ ಅಣ್ಣಾ."

"ಅದು ಮದವಿ ಹೆಣ್ಣಿನ್ನ ನೋಡಾಕ ಹೋದಾಗ ಗಂಡಸರು ತಮ್ಮ ಅನುಕೂಲಕ್ಕ ಹೇಳ್ಕೊಳೂ ಮಾತವಾ. ಖರೇ ಅಂತ ನಂಬೀಯೇನು?" ಎಂದು ನಗುತ್ತಾ ಏಣಿ ಹತ್ತಿದರು.

ನಾನೂ ನಕ್ಕೆ. ನಮ್ಮ ಮನೆಯ ನಿಕಾಹ್‌ಗಳಲ್ಲೂ, ಅವರ ಮನೆಯ ಮದುವೆಗಳಲ್ಲೂ ಹುಡುಗಿ ತಲೆ ತಗ್ಗಿಸಿ ಕೂತರೆ ಒಪ್ಪಿದಳು ಎಂದೇ ಲೆಕ್ಕ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೆ ಕೂತಿದ್ದಾಗ ಚಾಪೆಯ ಎಳೆಗಳನ್ನು ಎಣಿಸಿದ್ದು, ಆಮೇಲೆ ಆ ಸಂಬಂಧವನ್ನು ತಪ್ಪಿಸಲು ಪಟ್ಟ ಪಾಡು, ಎಲ್ಲವೂ ನನಗೆ ನೆನಪಿತ್ತು. ಅಂಥವಳೇ ಇನ್ನೊಬ್ಬ ಹೆಂಗಸಿನ ಮೌನವನ್ನು ಹೂಂ ಎಂದು ಬರೆದುಕೊಂಡಿದ್ದೆ. ಸುತ್ತಿಗೆ ಕೂರಿಸಲು ಎರಡು ಗಂಟೆ ಹಿಡಿಯಿತು. ಅಡ್ಡ ಬರುತ್ತದೆಂದು ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ಮೂಲೆಯ ಮೊಳೆಗೆ ನೇತುಹಾಕಿದ್ದು ನಾನೇ.

ಸಿಸ್ಟರ್ ಸಂಜೆಯ ಗಂಟೆಗೆ ಎಂದಿನಂತೆ ಅಂಗಳ ದಾಟಿ ಬಂದರು. ಹಗ್ಗವಿದ್ದ ಜಾಗದಲ್ಲಿ ಹಗ್ಗವಿರಲಿಲ್ಲ. ನಾನು ಮೇಲಕ್ಕೆ ಕೈ ತೋರಿಸಿ, ಗಡಿಯಾರ ತೋರಿಸಿ, ದೊಡ್ಡದಾಗಿ ನಕ್ಕೆ. ಸರಿಯಾದ ಸೆಕೆಂಡಿಗೆ ಸುತ್ತಿಗೆ ಎದ್ದು ಗಂಟೆಗೆ ಬಡಿಯಿತು. ಎಲ್ಲ ಬಾಗಿಲುಗಳಿಂದ ಸಿಸ್ಟರುಗಳು ಹೊರಬಂದು, ತಲೆಯೆತ್ತಿ ನೋಡಿ, ನನ್ನ ಕಡೆಗೆ ಕೈ ಮುಗಿದು ಪ್ರಾರ್ಥನೆಯ ಚಾಪೆಲ್ ಒಳಗೆ ಹೋದರು. ಹಿರಿಯ ಸಿಸ್ಟರ್ ಮಾತ್ರ ಸುತ್ತಿಗೆಯನ್ನೂ, ನನ್ನನ್ನೂ, ಮೊಳೆಯ ಮೇಲಿನ ಸುರುಳಿಯನ್ನೂ ಒಂದೊಂದಾಗಿ ನೋಡಿದರು. ಎರಡೂ ಕೈ ಇನ್ನೂ ಎದೆಯೆತ್ತರದಲ್ಲಿ ಅರ್ಧ ಮುಚ್ಚಿಕೊಂಡಿದ್ದವು. ನನ್ನ ಸಂತೋಷಕ್ಕೆ ಆ ಕೈ ಅಡ್ಡ ಬಂತು, ನಾನು ಬೇರೆ ಕಡೆ ನೋಡಿದೆ.

ಸೋಮವಾರ ಬೆಳಗಿನ ಪ್ರಾರ್ಥನೆಗೆ ಅವರ ಪೀಠ ಖಾಲಿಯಿತ್ತು. ಎರಡು ಕೀರ್ತನೆ ಮುಗಿದ ಮೇಲೆ ಬಾಗಿಲು ತೆರೆಯಿತು. ತಲೆವಸ್ತ್ರ ಓರೆಯಾಗಿತ್ತು. ಮಠದ ಪದ್ಧತಿಯಂತೆ ತಡವಾಗಿ ಬಂದವರು ಬಾಗಿಲ ಬಳಿಯೇ ನೆಲಕ್ಕೆ ಮಂಡಿಯೂರಬೇಕು, ಮದರ್ ಸನ್ನೆ ಮಾಡಿದ ಮೇಲೆ ಜಾಗಕ್ಕೆ ಹೋಗಬೇಕು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅವರು ಮಂಡಿಯೂರಿದರು. ಮದರ್ ತಕ್ಷಣ ಸನ್ನೆ ಮಾಡಿದರು.

ಮಧ್ಯಾಹ್ನ ಊಟದ ಮನೆಯಲ್ಲಿ ಅವರು ಮತ್ತೆ ಮಂಡಿಯೂರಿದರು. ಈ ಸಲ ಕೋಣೆಯ ನಟ್ಟನಡುವೆ, ಕಲ್ಲಿನ ಮೇಲೆ, ಎಲ್ಲರೆದುರಿಗೆ. ಏನಾದರೂ ತಪ್ಪು ಮಾಡಿದೆನೆಂದು ತಮಗನಿಸಿದವರು ಹಾಗೆ ಮಾಡುತ್ತಾರೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ, ಮದರ್ ಮೇಜನ್ನು ಒಮ್ಮೆ ತಟ್ಟುವವರೆಗೆ ಹಾಗೇ ಇರಬೇಕು. ಓದುವವರು ಓದುತ್ತಿದ್ದರು, ಚಮಚಗಳು ತಟ್ಟೆಗೆ ತಾಗುತ್ತಿದ್ದವು. ನನ್ನೆದುರು ಆಲೂಗಡ್ಡೆಯ ಸೂಪ್ ಇತ್ತು. ನಾನು ಚಮಚ ಕೆಳಗಿಟ್ಟೆ. ಬೆಳಗಿನ ತಡಕ್ಕೆ ಇನ್ನೂ ಶಿಕ್ಷೆ ಮುಗಿದಿಲ್ಲವೇ ಎಂದು ನನಗೆ ಮದರ್ ಮೇಲೇ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.

ಊಟವಾದ ಮೇಲೆ ಮದರ್ ತಾವೇ ಬಂದರು.

"ನೀವು ಬೇಜಾರು ಮಾಡಿಕೊಳ್ಳಬೇಡಿ. ಟೈಮರ್ ಚೆನ್ನಾಗಿಯೇ ಇದೆ. ಸಿಸ್ಟರ್‌ಗೆ ಗಂಟೆ ಕೇಳಿಸುವುದಿಲ್ಲ, ಅಷ್ಟೇ. ಹನ್ನೆರಡು ವರ್ಷವಾಯಿತು ಕಿವಿ ಹೋಗಿ, ನಿಮಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ."

ನಾನು ಕಮಾನಿನ ಮೇಲಿನ ಸುತ್ತಿಗೆಯ ಕಡೆ ನೋಡಿದೆ.

"ಗಂಟೆ ಅವರದೇ ಆಗಿದ್ದಾಗ ಕೇಳಿಸುವ ಅಗತ್ಯ ಇರಲಿಲ್ಲ. ಹೊಣೆ ತಮ್ಮದು ಎಂದು ಸರಿಯಾದ ಹೊತ್ತಿಗೆ ತಾವೇ ಏಳುತ್ತಿದ್ದರು. ನಾವು ಬೇರೆ ಏರ್ಪಾಡು ಮಾಡುತ್ತೇವೆ, ಪಕ್ಕದ ಕೋಣೆಯ ಸಿಸ್ಟರ್ ಹೋಗಿ ಭುಜ ಮುಟ್ಟಿ ಎಬ್ಬಿಸಲಿ." ಆಮೇಲೆ ಅವರು ಸ್ವಲ್ಪ ಹಿಂಜರಿದು, "ಮನಸ್ಸು ತಡೆಯದೆ ಇವತ್ತು ಬೆಳಿಗ್ಗೆ ನಾನೇ ಕಾಗದದಲ್ಲಿ ಬರೆದು ಕೇಳಿದೆ, ಅತಿಥಿ ನಿಮ್ಮನ್ನು ನಿಜವಾಗಿಯೂ ಕೇಳಿದರೇ, ನೀವು ಒಪ್ಪಿದಿರಾ ಎಂದು. ಹೌದು ಎಂದರು. ನಿಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸಿ" ಎಂದರು.

ಕಿವುಡನ್ನು ನಾನು ಮೌನವೆಂದು ತಿಳಿದಿದ್ದೆ. ಆ ಸಂಜೆ ಕಾರಿಡಾರಿನಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತ ನನ್ನ ತುಟಿ ಅವರಿಗೆ ಕಂಡಿರಲಾರದು. ಶುಭರಾತ್ರಿ ಹೇಳಲು ಬಂದ ಹುಡುಗಿ ಎಂದುಕೊಂಡು ಕೆನ್ನೆ ತಟ್ಟಿದ್ದರು. ಹಾಗಿದ್ದರೆ ಮದರ್‌ಗೆ ಹೌದು ಎಂದದ್ದೇಕೆ? ಇದನ್ನು ಯೋಚಿಸುವ ಮೊದಲೇ ನನ್ನ ಮೈಯೊಳಗೆ ಹಾಯೆನಿಸಿತ್ತು, ಸದ್ಯ ಸಿಕ್ಕಿಬೀಳಲಿಲ್ಲ ಎಂದು. ಆ ನೆಮ್ಮದಿಯನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ನಾಲ್ಕು ಸಲ ಬರೆದು ಹೊಡೆದುಹಾಕಿ, ಕೊನೆಗೆ ಮೂರು ಸಾಲು ಉಳಿಯಿತು. 'ನಿಮಗೆ ಉತ್ತರ ಕೊಡಲಾಗದ ಹೊತ್ತನ್ನು ನಾನು ಬೇಕೆಂದೇ ಆರಿಸಿಕೊಂಡೆ. ನೀವು ಒಪ್ಪಿದಿರಿ ಎಂದು ಮದರ್‌ಗೆ ಸುಳ್ಳು ಹೇಳಿದೆ. ನಾಳೆ ಆ ಯಂತ್ರವನ್ನು ಬಿಚ್ಚಿ ಹಗ್ಗ ಕಟ್ಟುತ್ತೇನೆ.' ಅವರು ಹಾಲ್‌ನ ಕಿಟಕಿಯ ಬಳಿ ಅದೇ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಹೊಸೆಯಲು ಏನೂ ಇರಲಿಲ್ಲ, ಕೈಗಳು ಮಡಿಲಲ್ಲಿದ್ದವು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

"ಬಿಚ್ಚಬೇಡ" ಎಂದರು. ಕಿವಿ ಕೇಳದವರ ದನಿ, ಏರಿಳಿತ ಇರಲಿಲ್ಲ. "ಬಿಚ್ಚಿದರೆ ಯಾಕೆ ಎಂದು ಮದರ್ ಕೇಳುತ್ತಾರೆ. ನೀನು ಹೇಳಬೇಕಾಗುತ್ತದೆ."

ನಾನು ಹೇಳುತ್ತೇನೆ ಎಂಬಂತೆ ತಲೆಯಾಡಿಸಿದೆ.

"ಮದರ್ ಕಾಗದದಲ್ಲಿ ಬರೆದು ಕೇಳಿದಾಗಲೇ ನನಗೆ ತಿಳಿಯಿತು, ನೀನು ಏನೋ ಹೇಳಿದ್ದೀಯ ಎಂದು. ಮನೆಗೆ ಬಂದ ಅತಿಥಿಯನ್ನು ಸುಳ್ಳುಗಾರಳು ಮಾಡಲು ನನಗೆ ಮನಸ್ಸಾಗಲಿಲ್ಲ. ಹೌದು ಎಂದೆ." ಅವರು ನನ್ನ ಮುಖವನ್ನು ಕೆಳಗಿನಿಂದ ದಿಟ್ಟಿಸಿ ನೋಡಿದರು. "ಐವತ್ತಾರು ವರ್ಷದಲ್ಲಿ ಈ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು. ತಡವಾದದ್ದಕ್ಕೆ ಬೆಳಿಗ್ಗೆ ಚಾಪೆಲ್‌ನಲ್ಲೇ ಮುಗಿಯಿತು. ಮಧ್ಯಾಹ್ನ ಮಂಡಿಯೂರಿದ್ದು ಆ ಸುಳ್ಳಿಗೆ."

ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರ ಮಂಡಿಯ ಮೇಲೆ ತಲೆಯಿಟ್ಟು ಅಳಬೇಕೆನಿಸಿತು, ಅದಕ್ಕೂ ಹಕ್ಕಿಲ್ಲ ಎನಿಸಿ ನಿಂತೇ ಇದ್ದೆ.

ನಿಜ ಹೇಳಲು ನನಗೆ ಇನ್ನೂ ನಾಲ್ಕು ದಿನವಿತ್ತು. ಪ್ರತಿದಿನವೂ ಮದರ್ ಕೋಣೆಯ ಬಾಗಿಲವರೆಗೆ ಹೋದೆ. ಹೇಳಿದರೆ ಸಿಸ್ಟರ್ ಸುಳ್ಳೂ ಹೊರಬೀಳುತ್ತದೆ, ಎಂಬತ್ತರ ಮೇಲೆ ಅವರಿಗೆ ಅವಮಾನವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅವರನ್ನು ಕಾಪಾಡಲು ಸುಮ್ಮನಿದ್ದೆ ಎಂದು ಇಲ್ಲಿ ಬರೆದರೆ ಅದು ನನ್ನ ಇನ್ನೊಂದು ಸುಳ್ಳಾಗುತ್ತದೆ. ಒಳ್ಳೆಯವಳು ಎಂಬ ಹೆಸರು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಆ ನಾಲ್ಕು ದಿನವೂ ಟೈಮರ್ ಒಂದು ಸೆಕೆಂಡೂ ತಪ್ಪಲಿಲ್ಲ. ಪ್ರತಿ ಸಲವೂ ಪಕ್ಕದ ಕೋಣೆಯ ಸಿಸ್ಟರ್ ಓಡಿಬಂದು ಅವರ ಭುಜ ಮುಟ್ಟುತ್ತಿದ್ದರು, ಅವರು ಬೆಚ್ಚಿ ತಲೆಯೆತ್ತುತ್ತಿದ್ದರು.

ಹೊರಟ ದಿನ ಮದರ್ ಬಾಗಿಲವರೆಗೆ ಬಂದರು. ಸಿಸ್ಟರುಗಳೆಲ್ಲ ಹಿಂದೆ ಸಾಲಾಗಿ ನಿಂತಿದ್ದರು, ಹಿರಿಯ ಸಿಸ್ಟರ್ ಕೊನೆಯಲ್ಲಿ. ಧಾರವಾಡದ ಅಣ್ಣ ಕಾರು ಶುರು ಮಾಡಿಕೊಂಡು ಕಾಯುತ್ತಿದ್ದರು.

"ನಮಗೆ ಉಪಕಾರ ಮಾಡಿದವರ ಒಂದು ಪಟ್ಟಿ ಇದೆ. ಚಾವಣಿ ಕಟ್ಟಿಸಿದವರು, ಬಾವಿ ತೋಡಿಸಿದವರು. ಅವರು ಬದುಕಿರಲಿ, ಸತ್ತಿರಲಿ, ಅವರಿಗಾಗಿ ಪ್ರಾರ್ಥನೆ ಮಾಡುತ್ತೇವೆ. ನಿನ್ನೆ ನಿಮ್ಮ ಹೆಸರನ್ನೂ ಸೇರಿಸಿದೆವು. ಈ ಮಠ ಇರುವವರೆಗೆ ನಿಮ್ಮನ್ನು ನೆನೆಯುತ್ತೇವೆ" ಎಂದರು ಮದರ್. ನಂತರ ಸಾಲಿನ ಕೊನೆಗೆ ತಿರುಗಿ ನಕ್ಕು, "ಹೆಸರು ಬರೆಯಲು ಹೇಳಿದ್ದು ಸಿಸ್ಟರೇ. ಅವರ ಅಕ್ಷರ ದುಂಡಗಿದೆ, ಅವರೇ ಬರೆದರು" ಎಂದರು.

ನಾನು, "ಥ್ಯಾಂಕ್ಯೂ ಮದರ್, ಅದರಲ್ಲೇನಿದೆ" ಎಂದು ಹೇಳಿ ಕಾರು ಹತ್ತಿದೆ.